ಓದುಗರ ಪ್ರಶ್ನೆ, ನಮ್ಮ ಉತ್ತರ: ಮೈಕ್ರೋಮೀಟರಿನ ಸೊನ್ನೆ ಏಕೆ ತಪ್ಪುತ್ತದೆ?

ಪ್ರಶ್ನೆ: ನಮ್ಮದು ಸಣ್ಣ ಸಿಎನ್‌ಸಿ ಟರ್ನಿಂಗ್ ಘಟಕ. 20 ಮಿಮೀ ವ್ಯಾಸದ ಉಕ್ಕಿನ ಶಾಫ್ಟ್‌ಗಳನ್ನು ಎಚ್6 (h6) ಟಾಲರೆನ್ಸ್‌ಗೆ, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸದ ಮಿತಿಗೆ, ಮಾಡಿಕೊಡುತ್ತೇವೆ. 0.001 ಮಿಮೀ (ಒಂದು ಮೈಕ್ರಾನ್) ಓದುವ, 0ರಿಂದ 25 ಮಿಮೀವರೆಗೆ ಅಳೆಯುವ ಮೈಕ್ರೋಮೀಟರ್ ಬಳಸುತ್ತೇವೆ. ಬೆಳಗಿನ ಪಾಳಿಯವರು ಸೊನ್ನೆ ಹೊಂದಿಸಿ ಕೊಟ್ಟ ಉಪಕರಣ ಮಧ್ಯಾಹ್ನದ ಪಾಳಿಯವರ ಕೈಯಲ್ಲಿ ನಾಲ್ಕೈದು ಮೈಕ್ರಾನ್ ಮೈನಸ್ ತೋರಿಸುತ್ತದೆ. ಅವರು ಸ್ಪ್ಯಾನರ್ ಹಾಕಿ ಸರಿಪಡಿಸುತ್ತಾರೆ. ಮಾರನೆಯ ಬೆಳಿಗ್ಗೆ ನೋಡಿದರೆ ಅಷ್ಟೇ ಪ್ಲಸ್ ಇರುತ್ತದೆ. ಉಪಕರಣ ಹೊಸದು, ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೇ ಎಂಬ ಪರೀಕ್ಷೆ) ಸರ್ಟಿಫಿಕೇಟ್ ಕೂಡ ಇದೆ. ತಪ್ಪು ಉಪಕರಣದ್ದೋ, ಕೈಯದ್ದೋ?
— ಶಾಪ್ ಸೂಪರ್‌ವೈಸರ್, ಪೀಣ್ಯ, ಬೆಂಗಳೂರು

ಉತ್ತರ: ದೋಷ ಪ್ಲಸ್ ಆಗಿ ಬಂತೋ ಮೈನಸ್ ಆಗಿ ಬಂತೋ ಎಂಬುದನ್ನು ನೀವು ಗಮನಿಸಿ ಬರೆದಿರುವುದರಿಂದ ಕಾರಣವನ್ನು ಹುಡುಕುವುದು ಸುಲಭವಾಗಿದೆ. ಬಹಳಷ್ಟು ಕಡೆ ಇದನ್ನು ಯಾರೂ ನೋಡುವುದಿಲ್ಲ. ಸೊನ್ನೆ ತಪ್ಪಿದೆ ಎಂದು ಕಂಡ ಕೂಡಲೇ ಸ್ಪ್ಯಾನರ್ ಕೈಗೆ ಬರುತ್ತದೆ.

ಬಿಲ್ಲಿನಂತೆ ಬಾಗಿದ ಫ್ರೇಮಿನಲ್ಲಿ ಅಲುಗದೆ ಕೂತ ಆನ್‌ವಿಲ್ ಮತ್ತು ಸ್ಕ್ರೂವಿನಿಂದ ಹಿಂದೆ ಮುಂದೆ ಸರಿಯುವ ಕಡ್ಡಿಯಾದ ಸ್ಪಿಂಡಲ್‌ಗಳ ಮುಖಗಳ ನಡುವೆ ಏನೇ ಸಿಕ್ಕಿಕೊಂಡಿರಲಿ, ಅದು ಲೋಹದ ಪುಡಿಯಾಗಿರಲಿ, ಒಣಗಿದ ಕೂಲಂಟ್ (ಯಂತ್ರದ ತಂಪು ದ್ರವ) ಆಗಿರಲಿ, ವೇಸ್ಟ್ ಬಟ್ಟೆಯ ಎಳೆಯಾಗಿರಲಿ, ಮುಖದ ಅಂಚಿನಲ್ಲಿ ಎದ್ದ ಸಣ್ಣ ಬರ್ (ಲೋಹದ ಚೂಪು ಮೊನೆ) ಆಗಿರಲಿ, ಅದು ಸ್ಪಿಂಡಲ್ ಪೂರ್ತಿ ಮುಂದೆ ಹೋಗದಂತೆ ತಡೆಯುತ್ತದೆ. ಆದ್ದರಿಂದ ಕೊಳೆಯು ಯಾವಾಗಲೂ ಪ್ಲಸ್ ದೋಷವನ್ನೇ ಕೊಡುತ್ತದೆ. ಮೈನಸ್ ದೋಷಕ್ಕೆ ಕಾರಣಗಳು ಬೇರೆ. ಥಿಂಬಲ್ ಅನ್ನು, ಅಂದರೆ ಸ್ಪಿಂಡಲನ್ನು ತಿರುಗಿಸುವ, ಗೆರೆಗಳಿರುವ ಹೊರಕೊಳವೆಯನ್ನು, ಒತ್ತಿ ತಿರುಗಿಸಿದಾಗ ಫ್ರೇಮ್ ತುಸು ಬಾಗಿ ಅಗಲವಾಗುತ್ತದೆ, ಸ್ಪಿಂಡಲ್ ಸೊನ್ನೆಯನ್ನು ದಾಟಿ ಮುಂದೆ ಹೋಗುತ್ತದೆ. ಫ್ರೇಮ್ ಅನ್ನು ಮುಷ್ಟಿಯಲ್ಲಿ ಬಹಳ ಹೊತ್ತು ಹಿಡಿದಾಗಲೂ ಹೀಗೆಯೇ ಆಗುತ್ತದೆ: ಕೈಯ ಬಿಸಿಗೆ ಫ್ರೇಮ್ ಹಿಗ್ಗಿ ಆನ್‌ವಿಲ್ ದೂರ ಸರಿಯುತ್ತದೆ, ಆದರೆ ಸ್ಪಿಂಡಲ್ ಅಷ್ಟು ಬಿಸಿಯಾಗಿರುವುದಿಲ್ಲ. ವರ್ಷಗಟ್ಟಲೆ ಬಳಸಿದ ಉಪಕರಣದಲ್ಲಿ ಮುಖಗಳು ಸವೆದರೂ ಮೈನಸ್ ಬರುತ್ತದೆ. ಇವೆಲ್ಲಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳದ ಇನ್ನೊಂದು ಕಾರಣವಿದೆ. ಯಾರೋ ಕೊಳೆಯ ಮೇಲೆಯೇ ಸೊನ್ನೆ ಹೊಂದಿಸಿರುತ್ತಾರೆ; ಆಮೇಲೆ ಆ ಕೊಳೆ ಉದುರಿಹೋಗುತ್ತದೆ, ಆಗ ಅಷ್ಟೇ ಪ್ರಮಾಣದ ಮೈನಸ್ ಕಾಣಿಸಿಕೊಳ್ಳುತ್ತದೆ.

ನಿಮ್ಮ ಉಪಕರಣ ಹೊಸದಾದ್ದರಿಂದ ಸವೆತವನ್ನು ಬಿಟ್ಟುಬಿಡೋಣ. ಮಧ್ಯಾಹ್ನದ ಮೈನಸ್ ಎಂದರೆ ಒಂದೋ ಬೆಳಗಿನ ಸೊನ್ನೆಯನ್ನು ಒರೆಸದ ಮುಖದ ಮೇಲೆ ಹೊಂದಿಸಲಾಗಿದೆ, ಇಲ್ಲವೇ ಮಧ್ಯಾಹ್ನದ ಕೈ ಹೆಚ್ಚು ಬಿಸಿ ಅಥವಾ ಹೆಚ್ಚು ಬಿಗಿ. ಮಧ್ಯಾಹ್ನ ಆ ಸ್ಥಿತಿಯಲ್ಲಿಯೇ ಸ್ಪ್ಯಾನರ್ ಹಾಕಿದ ಮೇಲೆ ರಾತ್ರಿ ತಣ್ಣಗಾದ ಉಪಕರಣ ಬೆಳಿಗ್ಗೆ ಹಗುರ ಕೈಯಲ್ಲಿ ಪ್ಲಸ್ ತೋರಿಸಲೇಬೇಕು. ಹೀಗೆ ಎರಡೂ ಪಾಳಿಯವರು ಪರಸ್ಪರರ ತಪ್ಪನ್ನು ತಿದ್ದುತ್ತಿರುವಂತೆ ತೋರುತ್ತದೆ, ಆದರೆ ಸ್ಕ್ರೂವಿನಲ್ಲಿ ಏನೂ ಬದಲಾಗಿಲ್ಲ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ಸ್ಪ್ಯಾನರನ್ನು ನಿಮ್ಮ ಬೀಗದಲ್ಲಿ ಇಟ್ಟುಕೊಳ್ಳುವುದು.

ನಾಲ್ಕೈದು ಮೈಕ್ರಾನ್ ಏನು ಮಹಾ ಎನ್ನುವವರಿಗೂ ಇಲ್ಲಿ ಒಂದು ಮಾತು ಹೇಳಬೇಕು. 20 ಮಿಮೀ ಶಾಫ್ಟ್‌ಗೆ ಎಚ್6 ಎಂದರೆ 20.000ರಿಂದ 19.987ರವರೆಗೆ, ಅಂದರೆ ಒಟ್ಟು 13 ಮೈಕ್ರಾನ್ ಮಾತ್ರ. ಸ್ಪಿಂಡಲ್ ಮುಖದ ಅಂಚಿನಲ್ಲಿ 6 ಮೈಕ್ರಾನ್ ದಪ್ಪದ ಪುಡಿಯೊಂದು ಅಂಟಿಕೊಂಡಿದೆ ಎಂದುಕೊಳ್ಳಿ. ಮುಚ್ಚಿದಾಗ 0.006 ಪ್ಲಸ್ ಕಾಣುತ್ತದೆ, ಆಪರೇಟರ್ ಅದನ್ನು ಸೊನ್ನೆಗೆ ತಿರುಗಿಸುತ್ತಾನೆ. ಆದರೆ ದುಂಡನೆಯ ಶಾಫ್ಟ್ ಮುಖದ ನಡುಭಾಗದಲ್ಲಿ ಒಂದು ಗೆರೆಯಂತೆ ಮಾತ್ರ ತಾಗುತ್ತದೆ, ಪುಡಿ ಆ ಗೆರೆಗೆ ಸಿಗುವುದೇ ಇಲ್ಲ. ಆಗ ನಿಜವಾಗಿ 20.004 ಇರುವ ಶಾಫ್ಟ್ 19.998 ಎಂದು ಓದುತ್ತದೆ, ಪಾಸ್ ಆಗುತ್ತದೆ, ಗಿರಾಕಿಯ ಬೇರಿಂಗಿನಲ್ಲಿ ಕೂರುವುದಿಲ್ಲ. ಕೊಳೆಯ ಮೇಲೆ ಸೊನ್ನೆ ಹೊಂದಿಸುವುದು ಸೊನ್ನೆ ಹೊಂದಿಸದೇ ಇರುವುದಕ್ಕಿಂತ ಕೆಟ್ಟದ್ದು ಎಂದು ನಾವು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಇನ್ನು ಒರೆಸುವ ಕ್ರಮ. ಮೊದಲು ಫ್ರೇಮ್, ಥಿಂಬಲ್ ಮತ್ತು ಹೊರಗೆ ಕಾಣುವ ಸ್ಪಿಂಡಲ್ ಅನ್ನು ಎಳೆ ಬಿಡದ, ಒಗೆದ ಹತ್ತಿಬಟ್ಟೆಯಿಂದ ಒರೆಸಿ. ಸ್ಪಿಂಡಲ್ ಸ್ಲೀವಿನೊಳಗೆ (ಥಿಂಬಲಿನ ಒಳಗಿನ, ಉದ್ದಗೆರೆಯಿರುವ ಕೊಳವೆಯೊಳಗೆ) ಹೋಗುವ ಜಾಗದಲ್ಲಿ ಕೂಲಂಟ್ ಮತ್ತು ಪುಡಿ ಸೇರಿ ಒಂದು ಕಪ್ಪು ಉಂಗುರ ಕಟ್ಟಿರುತ್ತದೆ. ಸ್ಪಿಂಡಲ್ ಅನ್ನು ಆದಷ್ಟು ಹೊರಕ್ಕೆ ತಂದು ಆ ಉಂಗುರವನ್ನು ತೆಗೆಯದಿದ್ದರೆ ಅದು ಸ್ಪಿಂಡಲಿನ ಜೊತೆಗೆ ಒಳಗೆ ಹೋಗುತ್ತದೆ. ಏರ್ ಗನ್ನಿನಿಂದ ಊದುವ ಅಭ್ಯಾಸವನ್ನು ಪೂರ್ತಿ ನಿಲ್ಲಿಸಬೇಕು. ಆ ಗಾಳಿ ಹೊರಗಿನ ಪುಡಿಯನ್ನು ಸ್ಕ್ರೂವಿನೊಳಕ್ಕೆ ತಳ್ಳುತ್ತದೆ, ಅಲ್ಲಿಂದ ಅದನ್ನು ತೆಗೆಯಲು ಉಪಕರಣವನ್ನು ಬಿಚ್ಚಬೇಕಾಗುತ್ತದೆ.

ಮುಖಗಳಿಗೆ ಕಾಗದದ ಕ್ರಮವೇ ಒಳ್ಳೆಯದು. ಎಳೆ ಬಿಡದ ಶುದ್ಧ ಕಾಗದದ ಒಂದು ಪಟ್ಟಿಯನ್ನು ಮುಖಗಳ ನಡುವೆ ಇಟ್ಟು, ರ‍್ಯಾಚೆಟ್‌ನಿಂದ (ಥಿಂಬಲಿನ ತುದಿಯಲ್ಲಿದ್ದು, ಬಲ ಮಿತಿ ಮೀರಿದಾಗ ಕ್ಲಿಕ್ ಎಂದು ಜಾರುವ ಗುಂಡಿ) ಹಗುರವಾಗಿ ಮುಚ್ಚಿ, ಕಾಗದವನ್ನು ನಿಧಾನವಾಗಿ ಎಳೆಯಿರಿ. ಕಾಗದದ ಮೇಲೆ ಬೂದು ಗೆರೆಯೊಂದು ಮೂಡಿದರೆ ಅದು ಮುಖದ ಮೇಲಿದ್ದ ಕೊಳೆ. ಬೇರೆ ಜಾಗದಲ್ಲಿ ಕಾಗದವನ್ನು ಹಿಡಿದು ಗೆರೆ ಮೂಡದಿರುವವರೆಗೆ ಎಳೆಯುತ್ತಿರಿ. ಒಂದು ಎಚ್ಚರಿಕೆ ಅಗತ್ಯ: ಕಾಗದದ ತುದಿ ಮುಖಗಳ ನಡುವೆ ಬರುವ ಮೊದಲೇ ಸ್ಪಿಂಡಲ್ ಅನ್ನು ತುಸು ಸಡಿಲಿಸಬೇಕು, ಏಕೆಂದರೆ ಕತ್ತರಿಸಿದ ಅಂಚಿನಲ್ಲಿಯೇ ನಾರು ಹೆಚ್ಚು, ಅದು ಅಲ್ಲಿಯೇ ಉಳಿದುಬಿಡುತ್ತದೆ. ಹಳೆಯ ದಿನಪತ್ರಿಕೆಯನ್ನು ಇದಕ್ಕೆ ಬಳಸಬಾರದು, ಅದರ ಶಾಯಿ ಮುಖಕ್ಕೆ ಅಂಟುತ್ತದೆ. ಎಣ್ಣೆಯ ಜಿಡ್ಡು ಬಿಡದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ಸೋಕಿಸಿದ ಕಾಗದವನ್ನು ಒಮ್ಮೆ ಎಳೆದು, ಆಮೇಲೆ ಒಣ ಕಾಗದವನ್ನು ಎಳೆಯಿರಿ. ಕೊನೆಗೆ ಮುಖಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒರೆಸಿದ ಮುಖವನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸಬೇಡಿ, ಬೆವರಿನ ಪದರ ಮತ್ತೆ ಕೂರುತ್ತದೆ.

ಈಗ ಸೊನ್ನೆ ನೋಡುವುದು. ಥಿಂಬಲ್ ಅನ್ನು ಬಿಟ್ಟು ರ‍್ಯಾಚೆಟ್ ಅನ್ನು ಮಾತ್ರ ಹಿಡಿದು ನಿಧಾನವಾಗಿ ತಿರುಗಿಸಿ. ಮುಖಗಳು ತಾಗಿದ ಮೇಲೆ ಮೂರರಿಂದ ಐದು ಕ್ಲಿಕ್ ಸಾಕು. ರ‍್ಯಾಚೆಟ್ ಇದ್ದರೂ ಜೋರಾಗಿ ಸುತ್ತಿಸಿ ತಾಗಿಸಿದರೆ ತಿರುಗುವ ವೇಗವೇ ಹೆಚ್ಚಿನ ಬಲವಾಗುತ್ತದೆ. ಈ ಉಪಕರಣಗಳು ಸಾಮಾನ್ಯವಾಗಿ 5ರಿಂದ 10 ನ್ಯೂಟನ್ ಬಲದಲ್ಲಿ ಅಳೆಯಲು ಮಾಡಿದವು, ಬೆರಳಿನ ಹಿಡಿತ ಇದನ್ನು ಸುಲಭವಾಗಿ ಮೀರುತ್ತದೆ. ಗೆರೆಯನ್ನು ನೇರವಾಗಿ ಎದುರಿನಿಂದಲೇ ನೋಡಬೇಕು. ಸಾಮಾನ್ಯ ಥಿಂಬಲಿನಲ್ಲಿ 0.01 ಮಿಮೀ ಒಂದು ಭಾಗ ಸುಮಾರು 1 ಮಿಮೀ ಅಗಲವಾಗಿ ಕಾಣುತ್ತದೆ. ತಲೆ ಓರೆ ಮಾಡಿದರೆ ಅದರಲ್ಲಿ ಒಂದೆರಡು ಮೈಕ್ರಾನ್ ಅತ್ತಿತ್ತ ಆಗಿಬಿಡುತ್ತದೆ.

ಒಂದೇ ಸಲ ನೋಡಿ ನಿರ್ಧರಿಸಬೇಡಿ. ತೆರೆದು, ಮುಚ್ಚಿ, ಐದು ಸಲ ಓದಿ ಬರೆದುಕೊಳ್ಳಿ. ಐದೂ ಸಲ ಒಂದೇ ಸಂಖ್ಯೆ ಬಂದರೆ ಮಾತ್ರ ಅದು ನಿಜವಾದ ಜೀರೋ ಎರರ್ (ಸೊನ್ನೆ ದೋಷ). ಒಮ್ಮೆ 2, ಒಮ್ಮೆ 5, ಒಮ್ಮೆ 0 ಎಂದು ಬಂದರೆ ಕೊಳೆ ಇನ್ನೂ ಇದೆ, ಇಲ್ಲವೇ ಕೈಯ ಬಲ ಒಂದೇ ಸಮನಾಗಿಲ್ಲ, ಇಲ್ಲವೇ ಸ್ಕ್ರೂ ಸಡಿಲವಾಗಿದೆ. ಚದುರಿದ ಓದಿಗೆ ಸ್ಪ್ಯಾನರ್ ಪರಿಹಾರವಲ್ಲ.

ಒಂದೇ ಸಮನಾದ ದೋಷ ಉಳಿದರೆ ಹೊಂದಿಸಬಹುದು. ಬಹುಪಾಲು ಉಪಕರಣಗಳಲ್ಲಿ ಕ್ರಮ ಹೀಗಿರುತ್ತದೆ. ದೋಷ 0.01 ಮಿಮೀ ಒಳಗಿದ್ದರೆ ಮುಖಗಳು ತಾಗಿರುವಾಗಲೇ ಸ್ಪಿಂಡಲ್ ಅನ್ನು ಲಾಕ್ ಮಾಡಿ, ಸ್ಲೀವಿನ ಹಿಂಬದಿಯಲ್ಲಿರುವ ಸಣ್ಣ ರಂಧ್ರಕ್ಕೆ ಸ್ಪ್ಯಾನರಿನ ಮೂಗನ್ನು ಕೂರಿಸಿ, ಸ್ಲೀವಿನ ಉದ್ದಗೆರೆ ಥಿಂಬಲಿನ ಸೊನ್ನೆಗೆ ಬರುವಂತೆ ಸ್ಲೀವ್ ಅನ್ನೇ ತಿರುಗಿಸಬೇಕು. ದೋಷ ಅದಕ್ಕಿಂತ ಹೆಚ್ಚಿದ್ದರೆ, ಸ್ಪಿಂಡಲ್ ಲಾಕ್ ಆಗಿರುವಂತೆಯೇ ರ‍್ಯಾಚೆಟ್ ಅನ್ನು ಸ್ಪ್ಯಾನರಿನಿಂದ ಸಡಿಲಿಸಿ, ಥಿಂಬಲ್ ಅನ್ನು ಬಿಡಿಸಿ, ಅಂದಾಜಿಗೆ ಸೊನ್ನೆಗೆ ತಂದು, ರ‍್ಯಾಚೆಟ್ ಬಿಗಿಮಾಡಿ, ಉಳಿದ ಸಣ್ಣ ಅಂತರವನ್ನು ಸ್ಲೀವಿನಿಂದ ಸರಿಪಡಿಸಬೇಕು. ತಯಾರಕರಿಂದ ತಯಾರಕರಿಗೆ ಸ್ವಲ್ಪ ವ್ಯತ್ಯಾಸ ಇರುವುದರಿಂದ ಡಬ್ಬಿಯೊಳಗಿನ ಹಾಳೆಯನ್ನು ಓದಿಯೇ ಕೈ ಹಾಕಿ. ಲಾಕ್ ಬಿಗಿಮಾಡಿದಾಗಲೂ ಓದು ತುಸು ಸರಿಯಬಹುದು. ಆದ್ದರಿಂದ ಲಾಕ್ ಬಿಟ್ಟ ಮೇಲೆ ಮತ್ತೆ ಐದು ಸಲ ಮುಚ್ಚಿ ನೋಡದೆ ಕೆಲಸ ಮುಗಿಯಿತು ಎನ್ನಬೇಡಿ.

ಬಿಸಿಯ ವಿಷಯ ಉಳಿಯಿತು. ಉದ್ದಳತೆಗೆ ಜಗತ್ತಿನಾದ್ಯಂತ ಒಪ್ಪಿರುವ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ನಿಮ್ಮ ಶೆಡ್ಡಿನಲ್ಲಿ ಅದು ಸಿಗುವುದಿಲ್ಲ. ಅದರಿಂದ ದೊಡ್ಡ ನಷ್ಟವೇನೂ ಇಲ್ಲ, ಏಕೆಂದರೆ ಉಕ್ಕಿನ ಜಾಬ್ (ಅಳೆಯುವ ವಸ್ತು) ಮತ್ತು ಉಕ್ಕಿನ ಉಪಕರಣ ಒಂದೇ ಉಷ್ಣಾಂಶದಲ್ಲಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗಿರುತ್ತವೆ. ತೊಂದರೆ ಬರುವುದು ಎರಡರ ನಡುವೆ ವ್ಯತ್ಯಾಸವಿದ್ದಾಗ. ಉಕ್ಕು ಪ್ರತಿ ಡಿಗ್ರಿಗೆ ಪ್ರತಿ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಚಕ್‌ನಿಂದ ಆಗತಾನೆ ಇಳಿಸಿದ ಶಾಫ್ಟ್ ಉಪಕರಣಕ್ಕಿಂತ 20 ಡಿಗ್ರಿ ಬಿಸಿ ಇದ್ದರೆ 20 ಮಿಮೀ ವ್ಯಾಸದಲ್ಲಿ 4.6 ಮೈಕ್ರಾನ್ ದಪ್ಪ ಕಾಣುತ್ತದೆ. ನಿಮ್ಮ ಟಾಲರೆನ್ಸಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅಲ್ಲಿಯೇ ಹೋಯಿತು. ಕೈಯ ಬಿಸಿಯ ಲೆಕ್ಕವೂ ಹೀಗೆಯೇ: ಫ್ರೇಮಿನ 50 ಮಿಮೀ ಉದ್ದ ಸ್ಪಿಂಡಲಿಗಿಂತ 5 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 3 ಮೈಕ್ರಾನ್. ಫ್ರೇಮಿನ ಎರಡೂ ಬದಿಯಲ್ಲಿ ಪ್ಲಾಸ್ಟಿಕ್ ಪಟ್ಟಿಗಳನ್ನು ಕೂರಿಸಿರುವುದು ಈ ಕಾರಣಕ್ಕೆ. ಅವುಗಳನ್ನೇ ಹಿಡಿಯಿರಿ, ಸಾಧ್ಯವಾದರೆ ಒಂದು ಮೈಕ್ರೋಮೀಟರ್ ಸ್ಟ್ಯಾಂಡ್ ಇಡಿ. ಜಾಬ್, ಉಪಕರಣ ಮತ್ತು ಒಂದು 20 ಮಿಮೀ ಸ್ಲಿಪ್ ಗೇಜ್ (ಅಳತೆ ಖಚಿತವಾಗಿರುವ ತುಂಡು), ಮೂರನ್ನೂ ಒಂದೇ ಸರ್ಫೇಸ್ ಪ್ಲೇಟಿನ ಮೇಲೆ ಅರ್ಧ ಗಂಟೆ ಬಿಟ್ಟು, ಮೊದಲು ಸ್ಲಿಪ್ ಗೇಜನ್ನೂ ತಕ್ಷಣವೇ ಶಾಫ್ಟನ್ನೂ ಅಳೆದರೆ ಸೊನ್ನೆಯೊಂದನ್ನೇ ನಂಬುವುದಕ್ಕಿಂತ ಬಹಳ ಒಳ್ಳೆಯ ಫಲ ಸಿಗುತ್ತದೆ. 13 ಮೈಕ್ರಾನ್ ಟಾಲರೆನ್ಸ್‌ನ ಕೆಲಸದಲ್ಲಿ ಇದು ಅತಿಯಾಯಿತು ಎಂದು ನಮಗೆ ಅನ್ನಿಸುವುದಿಲ್ಲ. ಸ್ವತಃ ಮೈಕ್ರೋಮೀಟರಿಗೇ ಎರಡರಿಂದ ನಾಲ್ಕು ಮೈಕ್ರಾನ್ ದೋಷಕ್ಕೆ ಅವಕಾಶ ಇರುವಾಗ ಉಳಿದ ಕಡೆ ಕಳೆದುಕೊಳ್ಳಲು ನಿಮ್ಮಲ್ಲಿ ಹೆಚ್ಚೇನೂ ಇಲ್ಲ.

ಪ್ರಶ್ನೆ: ಪ್ಲಸ್ ಜೀರೋ ಎರರ್ ಇದ್ದರೆ ಕೂಡಿಸಬೇಕೋ ಕಳೆಯಬೇಕೋ ಎಂಬುದು ಪ್ರತಿ ಪರೀಕ್ಷೆಯಲ್ಲೂ ತಿರುವುಮುರುವಾಗುತ್ತದೆ. ನೆನಪಿಡಲು ದಾರಿ ಇದೆಯೇ?
— ಐಟಿಐ ಟರ್ನರ್ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೆನಪಿಡುವ ಬದಲು ಉಪಕರಣದಲ್ಲಿಯೇ ನೋಡಿ ಅರ್ಥ ಮಾಡಿಕೊಂಡರೆ ತಪ್ಪುವುದಿಲ್ಲ, ತಂಗಿ. ಏನನ್ನೂ ಹಿಡಿಯದೆ ಮುಚ್ಚಿದಾಗ ಉಪಕರಣ ಏನು ಓದುತ್ತದೋ ಅಷ್ಟನ್ನು ಅದು ಪ್ರತಿ ಜಾಬಿಗೂ ತನ್ನ ಕಡೆಯಿಂದ ಸೇರಿಸಿಯೇ ಹೇಳುತ್ತದೆ. ಆದ್ದರಿಂದ ಆ ಓದನ್ನು ಅದರ ಚಿಹ್ನೆಯೊಂದಿಗೆ ಕಳೆಯಬೇಕು.

0.01 ಮಿಮೀ ಲೀಸ್ಟ್ ಕೌಂಟ್ (ಓದಬಹುದಾದ ಅತಿ ಸಣ್ಣ ಅಳತೆ) ಇರುವ ಉಪಕರಣವನ್ನೇ ತೆಗೆದುಕೊಳ್ಳೋಣ. ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಸ್ಪಿಂಡಲ್ ಸರಿಯುವ ದೂರ) 0.5 ಮಿಮೀ, ಥಿಂಬಲಿನ ಮೇಲೆ 50 ಭಾಗ, ಆದ್ದರಿಂದ ಒಂದು ಭಾಗಕ್ಕೆ 0.01. ಮುಚ್ಚಿದಾಗ ಥಿಂಬಲಿನ 3ನೆಯ ಗೆರೆ ಸ್ಲೀವಿನ ಉದ್ದಗೆರೆಗೆ ಕೂಡಿದ್ದರೆ ಸ್ಪಿಂಡಲ್ ಸೊನ್ನೆಯನ್ನು ಇನ್ನೂ ಮುಟ್ಟಿಲ್ಲ, ದೋಷ +0.03. ಜಾಬ್ ಹಿಡಿದಾಗ ಸ್ಲೀವ್ 7.5, ಥಿಂಬಲ್ 22 ಎಂದಿದ್ದರೆ ಓದು 7.72, ನಿಜವಾದ ಅಳತೆ 7.69. ಇನ್ನೊಂದು ಉಪಕರಣದಲ್ಲಿ ಮುಚ್ಚಿದಾಗ ಸೊನ್ನೆ ಉದ್ದಗೆರೆಯನ್ನು ದಾಟಿ 48ನೆಯ ಗೆರೆ ಕೂಡಿದೆ ಎಂದುಕೊಳ್ಳಿ. ಇದನ್ನು 48 ಎಂದು ಬರೆಯುವುದೇ ಪರೀಕ್ಷೆಯಲ್ಲಿ ಆಗುವ ದೊಡ್ಡ ತಪ್ಪು. 50ಕ್ಕೆ ಎರಡು ಕಡಿಮೆ, ಆದ್ದರಿಂದ ದೋಷ −0.02. ಅದೇ 7.72 ಓದಿನಿಂದ −0.02 ಕಳೆದರೆ 7.74.

ಇದು ಲೆಕ್ಕಕ್ಕೆ ಮತ್ತು ಪರೀಕ್ಷೆಗೆ. ಶಾಪಿನಲ್ಲಿ ಮಾತ್ರ ದೋಷವನ್ನು ತಲೆಯಲ್ಲಿಟ್ಟುಕೊಂಡು ಪ್ರತಿ ಜಾಬಿಗೂ ಕಳೆಯುತ್ತ ಕೂರಬೇಡಿ. ಒರೆಸಿ, ಹೊಂದಿಸಿ, ಆಮೇಲೆ ಅಳೆಯಿರಿ.

ಪ್ರಶ್ನೆ: ನಮ್ಮ ತಂದೆಯವರು ಬಳಸುತ್ತಿದ್ದ ಹಳೆಯ ಮೈಕ್ರೋಮೀಟರ್ ಒಂದಿದೆ. ಮಳೆಗಾಲದಲ್ಲಿ ಸ್ಪಿಂಡಲ್ ಮೇಲೆ ಕೆಂಪು ಚುಕ್ಕೆ ಬರುತ್ತದೆ, ಥಿಂಬಲ್ ಬಿಗಿಯಾಗಿ ತಿರುಗುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ, ಎಮರಿ ಪೇಪರ್ ಹಾಕಿ ತಿಕ್ಕಬಹುದೇ?
— ಬೈಕಂಪಾಡಿ, ಮಂಗಳೂರು

ಉತ್ತರ: ಎಮರಿ ಪೇಪರನ್ನು ದಯವಿಟ್ಟು ಹತ್ತಿರ ತರಬೇಡಿ. ಅಳೆಯುವ ಮುಖಗಳ ಸಮತಟ್ಟು ಒಂದು ಮೈಕ್ರಾನಿಗಿಂತಲೂ ಕಡಿಮೆ ವ್ಯತ್ಯಾಸದಲ್ಲಿರಬೇಕಾದ್ದು. ಕೈಯಿಂದ ಎರಡು ಸಲ ತಿಕ್ಕಿದರೆ ಅಂಚು ದುಂಡಾಗುತ್ತದೆ, ಅದನ್ನು ಮನೆಯಲ್ಲಿ ಮತ್ತೆ ಸರಿಮಾಡಲಾಗದು. ಸ್ಪಿಂಡಲಿನ ಮೈಯೂ ಸ್ಲೀವಿನೊಳಗಿನ ಗೈಡಿಗೆ ತಕ್ಕಂತೆ ಗ್ರೈಂಡ್ ಆಗಿರುವುದರಿಂದ ಅಲ್ಲಿ ತಿಕ್ಕಿದರೆ ಆಟ (ಸಡಿಲ) ಬರುತ್ತದೆ. ಕೆಂಪು ಚುಕ್ಕೆ ಮೇಲ್ಮೈಯಲ್ಲಿ ಮಾತ್ರ ಇದ್ದರೆ ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಬಟ್ಟೆಯಿಂದ ಉಜ್ಜಿದಾಗಲೇ ಹೋಗುತ್ತದೆ. ಉಳಿದ ಕಪ್ಪು ಕಲೆ ಅಳತೆಗೆ ಅಡ್ಡಿ ಮಾಡುವುದಿಲ್ಲ, ಅದನ್ನು ಹಾಗೆಯೇ ಬಿಡಿ.

ಥಿಂಬಲ್ ಬಿಗಿಯಾಗಿರುವುದಕ್ಕೆ ಹೆಚ್ಚಾಗಿ ಒಳಗೆ ಗಟ್ಟಿಯಾದ ಹಳೆಯ ಎಣ್ಣೆಯೇ ಕಾರಣ. ಲಾಕ್ ಸಡಿಲಿಸಿ, ಥಿಂಬಲ್ ಅನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಸ್ಪಿಂಡಲ್ ಮತ್ತು ಥಿಂಬಲ್ ಒಟ್ಟಿಗೆ ಹೊರಗೆ ಬರುತ್ತವೆ. ಸ್ಕ್ರೂವಿನ ಎಳೆಗಳನ್ನು ಮೆತ್ತನೆಯ ಬ್ರಷ್ ಮತ್ತು ಬಿಳಿ ಪೆಟ್ರೋಲ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆಯಿರಿ. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಕುಳಿತು ಈ ಕೆಲಸ ಮಾಡಿ. ಸೀಮೆಎಣ್ಣೆಯಲ್ಲಿ ತೊಳೆಯುವುದು ತಪ್ಪಲ್ಲ, ಆದರೆ ಅದು ಜಿಡ್ಡನ್ನು ಉಳಿಸುವುದರಿಂದ ಆಮೇಲೆ ಮತ್ತೊಮ್ಮೆ ಆಲ್ಕೋಹಾಲಿನಲ್ಲಿ ತೊಳೆಯಬೇಕು. ಪೂರ್ತಿ ಒಣಗಿದ ಮೇಲೆ ಉಪಕರಣಗಳಿಗೆಂದೇ ಸಿಗುವ ತೆಳು ಎಣ್ಣೆಯ ಒಂದೆರಡು ಹನಿ ಸಾಕು. ಗ್ರೀಸ್ ಬೇಡ. ಸ್ಲೀವಿನ ಹಿಂಬದಿಯ ಎಳೆಗಳ ಮೇಲೆ ಒಂದು ದುಂಡನೆಯ ನಟ್ ಕಾಣುತ್ತದೆ. ಅದು ಸ್ಕ್ರೂವಿನ ಆಟವನ್ನು ಬಿಗಿಗೊಳಿಸಲು ಇರುವುದು. ಥಿಂಬಲ್ ಬಿಗಿ ಎಂದು ಮೊದಲೇ ಅದನ್ನು ಸಡಿಲಿಸಿಬಿಟ್ಟರೆ, ತೊಳೆದ ಮೇಲೆ ಸ್ಪಿಂಡಲ್ ಅಲುಗಾಡತೊಡಗುತ್ತದೆ. ತೊಳೆದು ಎಣ್ಣೆ ಹಾಕಿದ ನಂತರವೂ ಉದ್ದಕ್ಕೂ ಬಿಗಿಯಾಗಿಯೇ ಇದ್ದರೆ ಮಾತ್ರ ಅದನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ. ಒಂದೇ ಜಾಗದಲ್ಲಿ ಬಿಗಿಯಾಗುತ್ತಿದ್ದರೆ ಸ್ಪಿಂಡಲ್ ಬಾಗಿದೆ ಅಥವಾ ಎಳೆ ಪೆಟ್ಟು ತಿಂದಿದೆ, ಅದಕ್ಕೆ ನಟ್ ಪರಿಹಾರವಲ್ಲ.

ಮತ್ತೆ ಜೋಡಿಸಿದ ಮೇಲೆ ಸೊನ್ನೆ ತಪ್ಪಿರಬಹುದು, ಮೇಲೆ ಹೇಳಿದಂತೆ ನೋಡಿ ಹೊಂದಿಸಿಕೊಳ್ಳಿ. ಕರಾವಳಿಯ ಮಳೆಗಾಲದಲ್ಲಿ ಇಡುವಾಗ ಮುಖಗಳ ನಡುವೆ ಒಂದು ಮಿಲಿಮೀಟರಿನಷ್ಟು ಜಾಗ ಬಿಡಿ, ಲಾಕ್ ಹಾಕಬೇಡಿ, ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಮುಚ್ಚಿದ ಮುಖಗಳ ನಡುವೆ ಸಿಕ್ಕ ತೇವ ಹೊರಗೆ ಹೋಗಲಾರದು, ಉಕ್ಕಿನ ಮುಖವಾದರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ತಂದೆಯವರ ಉಪಕರಣ ಈ ಆರೈಕೆಗೆ ಖಂಡಿತ ಯೋಗ್ಯವಾದದ್ದು.

ಪ್ರಶ್ನೆ: ಡಿಜಿಟಲ್ ಮೈಕ್ರೋಮೀಟರಿನಲ್ಲಿ ಗುಂಡಿ ಒತ್ತಿದರೆ ಸೊನ್ನೆ ಬರುತ್ತದೆ. ಹಾಗಿದ್ದ ಮೇಲೆ ಇಷ್ಟೆಲ್ಲ ಏಕೆ? 25–50ರ ಉಪಕರಣಕ್ಕೆ ಏನು ಮಾಡಬೇಕು?
— ಉದ್ಯಮಬಾಗ್, ಬೆಳಗಾವಿ

ಉತ್ತರ: ಗುಂಡಿ ಒತ್ತುವುದು ಸುಲಭವಾದ್ದರಿಂದಲೇ ಡಿಜಿಟಲ್ ಉಪಕರಣದಲ್ಲಿ ಅಪಾಯ ಹೆಚ್ಚು. ಕೊಳೆ ಇದ್ದರೂ, ಬಿಗಿ ಹೆಚ್ಚಾಗಿದ್ದರೂ ಅದು ಆ ಜಾಗವನ್ನೇ ಸೊನ್ನೆ ಎಂದು ಒಪ್ಪಿಕೊಳ್ಳುತ್ತದೆ. ಒರೆಸಿ, ಗುಂಡಿ ಒತ್ತುವ ಮೊದಲೇ ಐದು ಸಲ ಮುಚ್ಚಿ, ಹಳೆಯ ಸೊನ್ನೆಯಿಂದ ಎಷ್ಟು ಸರಿದಿದೆ ಎಂದು ನೋಡಿ ಬರೆದಿಡಿ. ಪ್ರತಿದಿನ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಕಾರಣ ಹುಡುಕಬೇಕು.

25–50ರ ಉಪಕರಣದ ಮುಖಗಳು ಒಂದನ್ನೊಂದು ಮುಟ್ಟುವುದಿಲ್ಲ, ಆದ್ದರಿಂದ ಅದರೊಂದಿಗೆ ಬರುವ 25 ಮಿಮೀ ಸೆಟ್ಟಿಂಗ್ ರಾಡ್ ಹಿಡಿದು ಓದು 25.000 ಬರುವಂತೆ ಹೊಂದಿಸಬೇಕು. ಇಲ್ಲಿ ಒರೆಸಬೇಕಾದ ಮುಖಗಳು ನಾಲ್ಕು: ಉಪಕರಣದ ಎರಡು, ರಾಡಿನ ಎರಡು. ರಾಡನ್ನು ಅದರ ಪ್ಲಾಸ್ಟಿಕ್ ಹಿಡಿಯಲ್ಲೇ ಹಿಡಿಯಿರಿ, ಓರೆಯಾಗಿ ಕೂರದಂತೆ ನೋಡಿಕೊಳ್ಳಿ. ರಾಡ್ ಕಳೆದುಹೋಗಿದ್ದರೆ 25 ಮಿಮೀ ಸ್ಲಿಪ್ ಗೇಜ್ ಆಗುತ್ತದೆ. ಶಾಪಿನಲ್ಲಿ ಸಿಕ್ಕ ಯಾವುದೋ ಪಿನ್ ಆಗುವುದಿಲ್ಲ.

ಪ್ರಶ್ನೆ: ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್ ಮಾಡಿಸಿ ಸ್ಟಿಕ್ಕರ್ ಅಂಟಿಸಿರುತ್ತಾರೆ. ನಡುವೆ ನಾವು ನೋಡಬೇಕಾದ್ದೇನು?
— ಭದ್ರಾವತಿ

ಉತ್ತರ: ಸ್ಟಿಕ್ಕರ್ ಪರೀಕ್ಷೆ ಮಾಡಿದ ದಿನದ ಮಾತು ಮಾತ್ರ. ಸೊನ್ನೆಯನ್ನು ಪ್ರತಿ ಪಾಳಿಯ ಆರಂಭದಲ್ಲೂ, ಉಪಕರಣ ಕೈಜಾರಿ ಬಿದ್ದ ಪ್ರತಿ ಸಲವೂ ನೋಡಲೇಬೇಕು. ಆದರೆ ಸೊನ್ನೆ ಸರಿಯಿದ್ದ ಮಾತ್ರಕ್ಕೆ 12ರಲ್ಲೋ 20ರಲ್ಲೋ ಸರಿಯಿರುತ್ತದೆ ಎನ್ನಲಾಗದು; ಹೆಚ್ಚು ಬಳಸುವ ಜಾಗದಲ್ಲಿ ಸ್ಕ್ರೂ ಹೆಚ್ಚು ಸವೆಯುತ್ತದೆ. ತಿಂಗಳಿಗೊಮ್ಮೆ 5.1, 10.3, 15.0, 20.2, 25.0 ಮಿಮೀ ಸ್ಲಿಪ್ ಗೇಜ್‌ಗಳನ್ನು ಹಿಡಿದು ಓದಿ ಬರೆದಿಡಿ. 5, 10, 20 ಎಂಬ ಪೂರ್ಣ ಸಂಖ್ಯೆಗಳನ್ನೇ ಹಿಡಿದರೆ ಥಿಂಬಲ್ ಪ್ರತಿ ಸಲವೂ ಸೊನ್ನೆಯ ಗೆರೆಯಲ್ಲೇ ನಿಲ್ಲುತ್ತದೆ. ಹೀಗೆ ಬಿಡಿಸಿಟ್ಟ ಅಳತೆಗಳಲ್ಲಿ ಸುತ್ತಿನ ಬೇರೆ ಬೇರೆ ಜಾಗಗಳೂ ಪರೀಕ್ಷೆಗೆ ಬರುತ್ತವೆ. ಮುಖಗಳ ಸಮತಟ್ಟನ್ನು ಆಪ್ಟಿಕಲ್ ಫ್ಲಾಟ್ (ಅತಿ ಸಮತಟ್ಟಾದ ಗಾಜು) ಇಟ್ಟು ನೋಡುವ ಕೆಲಸವನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಬಿಡಿ. ಕಳುಹಿಸುವ ಮೊದಲು ಮಾತ್ರ ಉಪಕರಣವನ್ನು ಒರೆಸಿಕೊಡಿ, ಹೊಂದಿಸಿಕೊಡಬೇಡಿ. ಅದು ಶಾಪಿನಲ್ಲಿ ಯಾವ ಸ್ಥಿತಿಯಲ್ಲಿ ಅಳೆಯುತ್ತಿತ್ತೋ ಆ ಓದುಗಳನ್ನು ಅವರು ಮೊದಲು ದಾಖಲಿಸಿಕೊಟ್ಟರೆ, ಕಳೆದ ತಿಂಗಳುಗಳಲ್ಲಿ ಹೊರಗೆ ಹೋದ ಜಾಬುಗಳ ಬಗ್ಗೆ ನೀವು ಏನಾದರೂ ಮಾಡಬೇಕೇ ಎಂಬುದು ತಿಳಿಯುತ್ತದೆ.